ಯೂನಿವರ್ಸಿಟಿ ಸೇರೋಕೆ ಮುಂಚೆ ಅದು ಹೆಂಗೈತೆ ಅಂತ ತಿಳ್ಕೊಳ್ಳೋದು ಹೆಂಗೆ? (ಬಳ್ಳಾರಿ ಕಡೆ, ಎಂಎಸ್ಸಿ)

ಭತ್ತದ_ಗದ್ದೆ
ಎಲ್ರಿಗೂ ನಮಸ್ಕಾರ. ನಾನು ಬಿಎಸ್ಸಿ ಲಾಸ್ಟ್ ಇಯರ್, ಊರು ಸಿರುಗುಪ್ಪ ತಾಲೂಕು, ತೆಕ್ಕಲಕೋಟೆ ಹತ್ರ ಒಂದು ಹಳ್ಳಿ. ಮುಂದೆ ಎಂಎಸ್ಸಿ ಕೆಮಿಸ್ಟ್ರಿ ಮಾಡ್ಬೇಕಂತೀನಿ. ನಮ್ಮ ಮನೇಲಿ ಪಿಯುಸಿ ದಾಟಿದವ್ಳು ನಾನೇ ಮೊದ್ಲು, ಅದಕ್ಕೆ ಕೇಳೋಕೆ ಯಾರೂ ಇಲ್ಲ. ಡಿಗ್ರಿ ಸೇರುವಾಗ ನನ್ನ ಫ್ರೆಂಡ್ ಎಲ್ಲಿ ಸೇರಿದ್ಳೋ ನಾನೂ ಅಲ್ಲೇ ಸೇರ್ಕೊಂಡೆ, ಕಾಲೇಜಿನ ಗೇಟು ನೋಡಿದ್ದೇ ಫೀಸ್ ಕಟ್ಟೋ ದಿನ. ಹೋದ್ವರ್ಷ ನಮ್ಮಪ್ಪ ಒಂದು ಎಮ್ಮೆ ತಗೊಳ್ಳೋಕೆ ಮೂರು ಸಂತೆ ಸುತ್ತಿ, ಬಾಯಿ ಬಿಡಿಸಿ ಹಲ್ಲು ನೋಡಿ, ಎರಡು ಹೊತ್ತು ಹಾಲು ಕರೆದು ನೋಡಿ ತಗೊಂಡ್ರು. ನನ್ನ ಓದಿಗೆ ಅರ್ಧ ಗಂಟೆನೂ ಯಾರೂ ಕೊಡ್ಲಿಲ್ಲ. ಇದನ್ನ ಅಪ್ಪಗೇ ಹೇಳ್ದೆ, ನಕ್ಕು "ಹಂಗಾರೆ ನೀನೇ ನೋಡ್ಕಂಡು ಬಾ, ಆದ್ರೆ ಬಳ್ಳಾರಿ ದಾಟಿ ಕಳ್ಸಲ್ಲ" ಅಂದ್ರು.

ಈಗ ನೋಡೋದು ಅಂದ್ರೆ ಏನು ನೋಡ್ಬೇಕು? ವೆಬ್‌ಸೈಟ್ ನೋಡಿದೆ, ಏನೂ ಗೊತ್ತಾಗ್ಲಿಲ್ಲ. ಗೊತ್ತಿದ್ದವ್ರು ದಯವಿಟ್ಟು ಹೇಳ್ರಿ.

ಕ್ಯಾಂಟೀನ್_ಚಾ
ಎಲ್ಲಾ ಯೂನಿವರ್ಸಿಟಿ ವೆಬ್‌ಸೈಟ್ ಒಂದೇ ತರ ತಂಗಿ. ಮೇಲ್ಗಡೆ ಗೇಟ್ ಫೋಟೋ, ಅದ್ರ ಕೆಳಗೆ ಕುಲಪತಿಗಳ ಸಂದೇಶ, ಅದ್ರ ಕೆಳಗೆ ದೀಪ ಬೆಳಗೋ ಫೋಟೋ, ಓಡೋ ಅಕ್ಷರದಲ್ಲಿ ಟೆಂಡರ್ ನೋಟಿಸ್. ಸುಮ್ನೆ ಧಾರವಾಡಕ್ಕೋ ಬೆಂಗಳೂರಿಗೋ ಹೋಗ್ಬಿಡು, ತಲೆನೋವಿಲ್ಲ.

ಬಿಸಿಲೂರ_ಮಾಸ್ತರ
ಬೆಂಗಳೂರಿಗೆ ಹೋಗ್ಬಿಡು ಅನ್ನೋದು ಸುಲಭ ಅದ, ಅಲ್ಲಿ ಪೇಯಿಂಗ್ ಗೆಸ್ಟ್ ರೂಮಿನ ಬಾಡಿಗಿ ಯಾರು ಕಟ್ತಾರ?

ನಾ ರಾಯಚೂರಾಗ ಪಿಯು ಲೆಕ್ಚರರ್ ಇದ್ದೀನಿ ತಂಗಿ. ಮೊದಲ ನಮ್ಮ ಕಡೆ ಸರ್ಕಾರಿ ವಿಶ್ವವಿದ್ಯಾಲಯ ಯಾವ್ಯಾವು ಅವ ಅನ್ನೋದು ತಲ್ಯಾಗ ಇಟ್ಕೊ, ಯಾಕಂದ್ರ ಇಲ್ಲಿ ಹತ್ತು ಹದಿನೈದು ವರ್ಷದಾಗ ನಕ್ಷೆನೇ ಬದಲಾಗಿಬಿಟ್ಟದ. ನಾವು ಓದುವಾಗ ಬೀದರದಿಂದ ಬಳ್ಳಾರಿ ತನಕ ಎಲ್ಲಾ ಗುಲಬರ್ಗಾ ಯೂನಿವರ್ಸಿಟಿನೇ, ಅದು ಆಗಿದ್ದು 1980ರಾಗ. ಬಳ್ಳಾರಿದು ಅದರ ಪಿಜಿ (ಸ್ನಾತಕೋತ್ತರ) ಸೆಂಟರ್ ಇತ್ತು, 2010ರಾಗ ಅದನ್ನ ಬ್ಯಾರೆ ಮಾಡಿ ವಿಜಯನಗರ ಶ್ರೀಕೃಷ್ಣದೇವರಾಯ ವಿವಿ ಅಂತ ಮಾಡಿದ್ರು, ಕಂಟೋನ್ಮೆಂಟ್ ಕಡೆ ಜ್ಞಾನಸಾಗರ ಕ್ಯಾಂಪಸ್. ಸಂಡೂರು ಹತ್ರ ನಂದಿಹಳ್ಳಿಯಾಗ ಅದರದೇ ಇನ್ನೊಂದು ಪಿಜಿ ಸೆಂಟರ್ ಅದ, ಗಣಿ ಊರು ನೋಡು, ಅಲ್ಲಿ ಖನಿಜದ ಕೋರ್ಸ್ ಹಳೇದು. ರಾಯಚೂರಿನ ವಿವಿ ಯರಗೇರಾದಾಗ, ಮಂತ್ರಾಲಯ ರೋಡಿಗೆ, ರಾಯಚೂರು-ಯಾದಗಿರಿ ಎರಡು ಜಿಲ್ಲಾಕ್ಕ. ಅದಕ್ಕ ಈಗ ಆದಿಕವಿ ಮಹರ್ಷಿ ವಾಲ್ಮೀಕಿ ಹೆಸರು ಇಟ್ಟಾರ. ಕೃಷಿ ವಿವಿ ಲಿಂಗಸುಗೂರು ರೋಡಿಗೆ ಅದ, 2008ರದು, ಅದಕ್ಕ ಸಿಇಟಿ ಮ್ಯಾಲೆ ಸೀಟು, ನಿನಗ ಸಂಬಂಧ ಇಲ್ಲ. ಹಂಪಿ ಕನ್ನಡ ವಿವಿ 1991ರಿಂದ ಅದ, ಅದು ಪೂರ್ತಿ ಕನ್ನಡದ ಸಂಶೋಧನೆಗೆ ಮಾಡಿದ್ದು, ಅಲ್ಲಿ ಹೋಗಿ ಕೆಮಿಸ್ಟ್ರಿ ಎಲ್ಲಿ ಅಂತ ಕೇಳಬ್ಯಾಡ (ಒಬ್ಬ ಹುಡುಗ ಖರೇವಂದ್ರೂ ಕೇಳಿ ಬಂದಿದ್ದ).

ಕೊಪ್ಪಳ_ಪ್ಯಾಸೆಂಜರ್
ನಮ್ಮದನ್ನ ಬಿಟ್ರಲ್ರಿ ಮಾಸ್ತರ 😀 ಕೊಪ್ಪಳ ಯೂನಿವರ್ಸಿಟಿನೂ ಐತಿ, 2023ರಾಗ ಶುರು ಆಗೇತಿ, ಕುಕನೂರು ತಾಲೂಕು ತಳಕಲ್‌ನ್ಯಾಗ. ಅದಕ್ಕೂ ಮದ್ಲ ನಾವೂ ಬಳ್ಳಾರಿ ಒಳಗ ಇದ್ವಿ. ರೈಲಿನಾಗ ಬರೋರಿಗೆ ತಳಕಲ್ ಸ್ಟೇಷನ್ ಐತಿ.

ಭತ್ತದ_ಗದ್ದೆ
ಅಣ್ಣ, ಹೊಸ ಯೂನಿವರ್ಸಿಟಿಗಳನ್ನ ಮುಚ್ತಾರಂತೆ ಅಂತ ಸುದ್ದಿ ಬಂದಿತ್ತಲ್ಲ? ಸೇರಿದ್ಮೇಲೆ ಮುಚ್ಚಿದ್ರೆ ನಮ್ಮ ಡಿಗ್ರಿ ಕಥೆ ಏನು?

ಕೊಪ್ಪಳ_ಪ್ಯಾಸೆಂಜರ್
ಹೌದವಾ, 2025ರ ಫೆಬ್ರವರಿ ಟೈಮಿಗೆ ಆ ಮಾತು ಬಂತು. ದುಡ್ಡಿಲ್ಲ, ಜಾಗ ಇಲ್ಲ ಅಂತ ಮಂತ್ರಿಗಳ ಸಮಿತಿ ಒಂಬತ್ತು ವಿವಿ ಲಿಸ್ಟ್ ಮಾಡಿತ್ತು, ಅದ್ರಾಗ ನಮ್ಮದೂ ಒಂದು. ನಮ್ಮ ಹುಡುಗ್ರು ಬೀದಿಗೆ ಇಳದಿದ್ರು. ಅದಕ್ಕ ಹೇಳೋದು, ಹೊಸದು ಅಂದ್ಕೂಡ್ಲೆ ಕೆಟ್ಟದ್ದೇನಲ್ಲ, ಕ್ಲಾಸಿನಾಗ ಹುಡುಗ್ರು ಕಡಿಮಿ ಇರ್ತಾರ, ಮಾಸ್ತರು ಹೆಸರು ಹಿಡದು ಕರೀತಾರ, ಆದ್ರ ಲ್ಯಾಬಿನ ಕೋರ್ಸ್ ಆದ್ರ ಮಾತ್ರ ನಾಕು ಸಲ ಯೋಚನೆ ಮಾಡು. ಕನ್ನಡ ಎಂಎ ಮಾಡಾಕ ಒಂದು ಬೋರ್ಡು, ಒಬ್ಬ ಛಲೋ ಮಾಸ್ತರು ಸಾಕು. ಕೆಮಿಸ್ಟ್ರಿಗೆ ಸಾಕಾಗಂಗಿಲ್ಲ.

ಬಿಸಿಲೂರ_ಮಾಸ್ತರ
ಡಿಗ್ರಿ ಬಗ್ಗೆ ಹೆದರಬ್ಯಾಡ. ಕಾನೂನಿಂದ ಆದ ವಿವಿ ಕೊಟ್ಟ ಪದವಿ, ಮುಂದ ಆ ವಿವಿ ಬ್ಯಾರೆದ್ರಾಗ ಸೇರಿದ್ರೂ ಬಿದ್ದು ಹೋಗಲ್ಲ. ತಲೆನೋವು ಏನಂದ್ರ ಕಾಗದ-ಪತ್ರದ್ದು.

ಎರಡು_ಮಾರ್ಕ್ಸ್‌ಕಾರ್ಡ್
ಕಾಗದ-ಪತ್ರ ಅಂದ್ರಲ್ಲ, ನನ್ನ ಕಥೆ ಕೇಳಿ. ನಾನು ಬಳ್ಳಾರಿಲೇ ಹುಟ್ಟಿ ಬಳ್ಳಾರಿಲೇ ಬಿಎಸ್ಸಿ ಮಾಡಿದೋನು, ಮೋತಿ ಸರ್ಕಲ್ ದಾಟಿದ್ರೆ ಬೇರೆ ದೇಶ ಅನ್ನೋ ಹಂಗೆ ಇದ್ದೆ, ಆದ್ರೆ ನನ್ನ ಮಾರ್ಕ್ಸ್‌ಕಾರ್ಡ್ ಮೇಲೆ ಇರೋದು ಗುಲ್ಬರ್ಗ ಅಂತ. ಕೆಲಸಕ್ಕೆ ಸೇರುವಾಗ ವೆರಿಫಿಕೇಶನ್ ಬೇಕು ಅಂದ್ರು, ಬಳ್ಳಾರಿ ಆಫೀಸಲ್ಲಿ ಕೇಳಿದ್ರೆ ನಿಮ್ಮ ಬ್ಯಾಚ್ ನಮ್ಮದಲ್ಲ ಅಂದ್ರು, ರಾತ್ರಿ ಬಸ್ಸಿಗೆ ಕಲಬುರಗಿಗೆ ಹೋದೆ, ಚಲನ್ ಕಟ್ಟಿ ಬಂದೆ. ಹಾಗಂತ ಅದೇನು ದೊಡ್ಡ ಅನ್ಯಾಯ ಅಲ್ಲ ಬಿಡಿ, ಎಲ್ಲಾದ್ರೂ ಒಂದು ಕಡೆ ರಿಜಿಸ್ಟರ್ ಇರ್ಲೇಬೇಕಲ್ಲ. ಆದ್ರೆ ಯಾವ ವಿವಿ ಹೆಸರಲ್ಲಿ ಸರ್ಟಿಫಿಕೇಟ್ ಬರುತ್ತೆ, ಅದರ ಪರೀಕ್ಷಾ ವಿಭಾಗ ಎಲ್ಲಿದೆ ಅಂತ ಮೊದ್ಲೇ ತಿಳ್ಕೊಂಡಿರು.

ಇನ್ನೊಂದು ಮುಖ್ಯ. ರಿಸಲ್ಟ್ ಯಾವಾಗ ಬರುತ್ತೆ ಅಂತ ಕೇಳು. ಕ್ಯಾಲೆಂಡರ್‌ನಲ್ಲಿ ಏನಿದೆ ಅಂತ ಅಲ್ಲ, ಹೋದ ಬ್ಯಾಚಿಗೆ ನಿಜವಾಗ್ಲೂ ಯಾವ ತಿಂಗಳು ಬಂತು ಅಂತ. ನಮ್ಮ ಅಕ್ಕನ ಮಗ ಒಂದು ಕಡೆ (ಹೆಸರು ಬೇಡ) ಎಂಕಾಂ ಮಾಡಿದ, ಪರೀಕ್ಷೆ ಬರೆದು ಏಳು ತಿಂಗಳಾದ್ರೂ ಲಾಸ್ಟ್ ಸೆಮ್ ರಿಸಲ್ಟ್ ಇಲ್ಲ, ಅಷ್ಟರಲ್ಲಿ ಬಿಎಡ್ ಕೌನ್ಸೆಲಿಂಗ್ ಮುಗಿದೇ ಹೋಯ್ತು. ಒಂದು ವರ್ಷ ಸುಮ್ನೆ ಮೊಬೈಲ್ ಅಂಗಡೀಲಿ ಕೂತಿದ್ದ.

ನಿರ್ವಾಹಕ
ದೂರು ಹೇಳುವಾಗ ಹೀಗೇ ಹೆಸರು ಬಿಟ್ಟು ಬರೆಯಿರಿ. ಜಾತಿ, ಪಕ್ಷ ತರಬೇಡಿ. ಮುಂದುವರಿಸಿ.

ಹಿತೈಷಿ_ತಂದೆ
ಇದು ನನ್ನ ಮಗನ ಐಡಿ, ಬರೀತಾ ಇರೋದು ನಾನು, ಅವರಪ್ಪ. ನನ್ನ ಮಗಳೂ ಈ ವರ್ಷ ಡಿಗ್ರಿ ಮುಗಸ್ತಾಳೆ. ಲ್ಯಾಬು ಲೈಬ್ರರಿ ಎಲ್ಲಾ ಸರಿ, ಹೆಣ್ಮಕ್ಕಳನ್ನ ಕಳಿಸೋ ತಂದೆತಾಯಿಗೆ ಮೊದಲ ಪ್ರಶ್ನೆ ಹಾಸ್ಟೆಲು, ಬಸ್ಸು. ಇದರ ಬಗ್ಗೆ ಯಾರೂ ಬರೀತಿಲ್ಲವಲ್ಲ.

ಸೆಕೆಂಡ್_ಇಯರ್_ಅಕ್ಕ
ಅಂಕಲ್ ನಾನು ಬರೀತೀನಿ, ನಾನು ಈಗ ಎಂಎಸ್ಸಿ ಎರಡನೇ ವರ್ಷ, ಎಲ್ಲಿ ಅಂತ ಹೇಳಲ್ಲ.

ಹಾಸ್ಟೆಲ್ ಅಂದ್ರೆ ಎರಡು ತರ ಇರುತ್ತೆ, ಇದು ಗೊತ್ತಿಲ್ದೆ ಎಷ್ಟೋ ಜನ ಒಂದಕ್ಕೇ ಅರ್ಜಿ ಹಾಕಿ ಕೂತಿರ್ತಾರೆ. ಒಂದು ಯೂನಿವರ್ಸಿಟಿದೇ ಹಾಸ್ಟೆಲ್. ಇನ್ನೊಂದು ಇಲಾಖೆ ಹಾಸ್ಟೆಲ್, ಅಂದ್ರೆ ಬಿಸಿಎಂದು (ಹಿಂದುಳಿದ ವರ್ಗಗಳ ಇಲಾಖೆ), ಸಮಾಜ ಕಲ್ಯಾಣದ್ದು, ಅಲ್ಪಸಂಖ್ಯಾತರದ್ದು, ಇವು ಊರಲ್ಲಿ ಎಲ್ಲೋ ಇರ್ತಾವೆ, ಅರ್ಜಿ ಸ್ಟೇಟ್ ಹಾಸ್ಟೆಲ್ ಪೋರ್ಟಲ್‌ನಲ್ಲಿ ಬೇರೆ ಹಾಕ್ಬೇಕು. ಎರಡೂ ಸಿಗ್ಲಿಲ್ಲ ಅಂದ್ರೆ ಹಿಂದುಳಿದ ವರ್ಗದವ್ರಿಗೆ ವಿದ್ಯಾಸಿರಿ ಅಂತ ಐತೆ, ಊಟ-ವಸತಿಗೆ ಹತ್ತು ತಿಂಗಳು ದುಡ್ಡು ಕೊಡ್ತಾರೆ. ರೂಮ್ ಬಾಡಿಗೆ ಪೂರ್ತಿ ಬರಲ್ಲ, ನಾಲ್ಕು ಜನ ಸೇರಿ ಮಾಡಿದ್ರೆ ಬರುತ್ತೆ.

ಹಾಸ್ಟೆಲ್ ನೋಡೋಕೆ ಹೋದ್ರೆ ರೂಮ್ ನೋಡ್ಬೇಡಿ, ರೂಮ್ ಎಲ್ಲಾ ಕಡೆ ಅಷ್ಟೇ, ಒಂದು ಮಂಚ ಒಂದು ಕಿಟಕಿ. ನೀರು ಎಷ್ಟು ಹೊತ್ತಿಗೆ ಬಿಡ್ತಾರೆ ಕೇಳಿ. ಮೇ ತಿಂಗಳಲ್ಲಿ ಬೋರ್ ಏನಾಗುತ್ತೆ ಕೇಳಿ. ಬಳ್ಳಾರಿ ರಾಯಚೂರು ಬಿಸಿಲಲ್ಲಿ ಮಧ್ಯಾಹ್ನ ನಲ್ಲಿ ತಿರುವಿದ್ರೆ ಚಾ ಮಾಡ್ಕೊಳ್ಳೋ ಅಷ್ಟು ಬಿಸಿ ನೀರು ಬರುತ್ತೆ, ಅದೂ ಬಂದ್ರೆ. ಆಮೇಲೆ ರಾತ್ರಿ ಗೇಟ್ ಯಾವಾಗ ಹಾಕ್ತಾರೆ, ಲೈಬ್ರರಿ ಯಾವಾಗ ಮುಚ್ತಾರೆ, ಎರಡೂ ಕೇಳಿ. ಲೈಬ್ರರಿ ಎಂಟಕ್ಕೆ ಮುಚ್ಚಿ ಹಾಸ್ಟೆಲ್ ಗೇಟ್ ಆರೂವರೆಗೇ ಹಾಕಿದ್ರೆ ಆ ಲೈಬ್ರರಿ ಹುಡುಗ್ರದು ಮಾತ್ರ ಅಂತ ತಿಳ್ಕೊಳ್ಳಿ.

ಬಸ್ಸಿಗೆ ಈಗ ದುಡ್ಡಿಲ್ಲ ನಮಗೆ, ಶಕ್ತಿ ಬಂದ್ಮೇಲೆ ಸಿರುಗುಪ್ಪ ಸಂಡೂರಿಂದ ದಿನಾ ಓಡಾಡೋರು ನಮ್ಮ ಕ್ಲಾಸಲ್ಲೇ ಇದಾರೆ. ಆದ್ರೆ ದಿನಾ ಓಡಾಡೋರು ಪ್ರಾಕ್ಟಿಕಲ್ ಅರ್ಧಕ್ಕೆ ಬಿಟ್ಟು ಓಡ್ತಾರೆ, ಲಾಸ್ಟ್ ಬಸ್ಸಿನ ಟೈಮು ಡಿಪಾರ್ಟ್‌ಮೆಂಟ್ ಟೈಮ್‌ಟೇಬಲ್ ಪಕ್ಕ ಇಟ್ಟು ನೋಡಿ.

ಹಿತೈಷಿ_ತಂದೆ
ಧನ್ಯವಾದ ತಾಯಿ. ಏನಾದ್ರೂ ತೊಂದರೆ ಆದ್ರೆ ಯಾರಿಗೆ ಹೇಳಬೇಕು ಹೆಣ್ಮಕ್ಕಳು?

ಸೆಕೆಂಡ್_ಇಯರ್_ಅಕ್ಕ
ಪ್ರತಿ ವಿವಿಲಿ ಆಂತರಿಕ ದೂರು ಸಮಿತಿ ಇರ್ಲೇಬೇಕು ಅಂಕಲ್, ಕಾನೂನು. ಸದಸ್ಯರ ಹೆಸರು, ನಂಬರ್ ಗೋಡೆ ಮೇಲೆ ಕಾಣೋ ಹಂಗೆ ಹಾಕಿರ್ಬೇಕು. ಹಾಕಿದಾರಾ, ಅದ್ರಲ್ಲಿರೋರು ಈಗ್ಲೂ ಅಲ್ಲಿ ಕೆಲಸ ಮಾಡ್ತಿದಾರಾ ನೋಡಿ. ರ‍್ಯಾಗಿಂಗ್‌ಗೆ ಯುಜಿಸಿದು 1800-180-5522, ಯಾವಾಗ ಬೇಕಾದ್ರೂ ಮಾಡ್ಬಹುದು.

ಲ್ಯಾಬ್_ಅಟೆಂಡರ್_ನಿವೃತ್ತ
ನಾನು ಹೆಚ್ಚು ಓದಿದವನಲ್ಲ ಎಸ್ಸೆಲ್ಸಿ ಫೇಲು ಆದ್ರೆ ಮೂವತ್ತೊಂದು ವರ್ಷ ಕೆಮಿಸ್ಟ್ರಿ ಲ್ಯಾಬಿನ್ಯಾಗೆ ಅಟೆಂಡರ್ ಆಗಿ ಕೆಲ್ಸ ಮಾಡೀನಿ ಅದಕ್ಕೆ ಈ ಹುಡುಗಿಗೆ ಒಂದು ಮಾತು ಹೇಳ್ತೀನಿ. ಕಟ್ಟಡ ನೋಡ್ಬೇಡವ್ವ. ಕಟ್ಟಡ ಕಂಟ್ರಾಕ್ಟರು ಕಟ್ಟಿರ್ತಾನೆ. ನಮ್ಮ ಕಾಲದಾಗೆ ಒಂದು ಮಷಿನ್ ಬಂತು ಲಕ್ಷಾಂತರ ರೂಪಾಯಿದು ಉದ್ಘಾಟನೆಗೆ ಪೆಂಡಾಲ್ ಹಾಕಿದ್ರು ಊಟ ಹಾಕಿದ್ರು ಆಮೇಲೆ ಅದನ್ನ ಆನ್ ಮಾಡೋಕೆ ಬರೋರೇ ಇಲ್ಲ ಕಂಪನಿಯವನು ಒಂದ್ಸಲ ಬಂದು ತೋರ್ಸಿ ಹೋದ ಅಷ್ಟೇ. ನಾನು ದಿನಾ ಅದರ ಕವರ್ ಝಾಡಿಸ್ತಿದ್ದೆ.

ಪ್ರತಿ ಮಷಿನ್ ಪಕ್ಕ ಒಂದು ಲಾಗ್‌ಬುಕ್ ಇರ್ತೈತೆ. ಯಾರು ಯಾವತ್ತು ಎಷ್ಟೊತ್ತು ಬಳಸಿದ್ರು ಅಂತ ಬರ್ದು ಸೈನ್ ಮಾಡ್ಬೇಕು. ಅದ್ರ ಕಡೇ ಪುಟ ನೋಡು. ಕಡೇ ತಾರೀಖು ಯಾವ್ದು, ಸೈನು ಹುಡುಗ್ರದೋ ಬರೇ ಪಿಎಚ್‌ಡಿಯೋರದೋ ಅಂತ. ಹಂಗೇ ಲೈಬ್ರರಿ ಒಳಗೆ ಬಿಟ್ರೆ ನಿನ್ನ ಸಬ್ಜೆಕ್ಟಿನ ಪುಸ್ತಕ ನಾಕು ತೆಗೆದು ಹಿಂದಿನ ರಟ್ಟಿಗೆ ಅಂಟಿಸಿರೋ ಚೀಟಿ ನೋಡು ವಾಪಸ್ ಕೊಡೋ ತಾರೀಖು ಸೀಲ್ ಹೊಡ್ದಿರ್ತಾರೆ. ಚೀಟಿ ತುಂಬಿ ಎರಡನೇ ಚೀಟಿ ಅಂಟಿಸಿದ್ರೆ ಅಲ್ಲಿ ಓದೋರು ಇದಾರೆ ಅಂತ. ಚೀಟಿ ಬೆಳ್ಳಗಿದ್ರೆ ನಿಂಗೇ ಗೊತ್ತಾಗ್ತೈತೆ.

ಕ್ಯಾಂಟೀನ್_ಚಾ
ಸಾರ್ ಇದು ಎಮ್ಮೆ ಹಲ್ಲು ನೋಡಿದಂಗೇ ಆಯ್ತು 🙏 ಈಗ ಕೆಲವು ಕಡೆ ಬಾರ್‌ಕೋಡ್ ಬಂದೈತೆ, ಚೀಟಿ ಇರಲ್ಲ, ಅದೊಂದು ನೆನಪಿಟ್ಕೋ ತಂಗಿ.

ಭತ್ತದ_ಗದ್ದೆ
ಎಲ್ರಿಗೂ ಥ್ಯಾಂಕ್ಸ್. ಆದ್ರೆ ನಂಗೆ ಲ್ಯಾಬ್ ಒಳಗೆ ಬಿಡ್ತಾರಾ? ನಾನಿನ್ನೂ ಅಲ್ಲಿ ಸ್ಟೂಡೆಂಟ್ ಅಲ್ಲವಲ್ಲ. ಯಾರನ್ನ ಕೇಳ್ಬೇಕು, ಹೆಂಗೆ ಕೇಳ್ಬೇಕು ಅಂತನೇ ಭಯ ಆಗ್ತೈತೆ.

ಬಿಸಿಲೂರ_ಮಾಸ್ತರ
ಅದು ಸರ್ಕಾರದ ವಿವಿ ಅದ, ನಿಮ್ಮಪ್ಪ ಕಟ್ಟೋ ತೆರಿಗಿಯಾಗ ನಡೀತದ, ಒಳಗ ಹೋಗಾಕ ಯಾಕ ಹೆದರ್ತಿ. ವಾರದ ನಡುವ ಹೋಗು, ಮಂಗಳವಾರ-ಬುಧವಾರ, ಹತ್ತೂವರಿ ಹನ್ನೊಂದಕ್ಕ. ಘಟಿಕೋತ್ಸವ, ಯುವಜನೋತ್ಸವ ಇದ್ದ ದಿನ ಹೋಗಬ್ಯಾಡ, ಅವತ್ತು ಎಲ್ಲಾ ಸುಣ್ಣ-ಬಣ್ಣ. ವಿಭಾಗದ ಮುಖ್ಯಸ್ಥರ ಹತ್ರ ಹೋಗಿ "ಸರ್, ನಾನು ಮುಂದಿನ ವರ್ಷ ಅಪ್ಲೈ ಮಾಡ್ಬೇಕಂತೀನಿ, ಹತ್ತು ನಿಮಿಷ ಡಿಪಾರ್ಟ್‌ಮೆಂಟ್ ನೋಡಬಹುದಾ" ಅಂತ ಕೇಳು. ಬಿಟ್ರೆ ಒಳ್ಳೇದು. ಬಿಡಲಿಲ್ಲ ಅಂದ್ರೂ ಒಂದು ವಿಷಯ ಗೊತ್ತಾತಲ್ಲ.

ಕೇಳಬೇಕಾದ್ದು ಇನ್ನೊಂದು ಅದ, ಖಾಯಂ ಮಾಸ್ತರು ಎಷ್ಟು ಮಂದಿ, ಅತಿಥಿ ಉಪನ್ಯಾಸಕರು ಎಷ್ಟು ಮಂದಿ. ಅತಿಥಿಗಳು ಕೆಟ್ಟ ಕಲಿಸ್ತಾರಂತ ಅಲ್ಲ, ನಾನೂ ಒಂಬತ್ತು ವರ್ಷ ಅತಿಥಿನೇ ಇದ್ದೆ, ಮೈ ಮುರದು ಕಲಿಸೀನಿ. ಆದ್ರ ಅವರ ಆದೇಶ ವರ್ಷಾ ವರ್ಷಾ ಹೊಸದಾಗಿ ಆಗಬೇಕು, ಅದು ತಡ ಆದ್ರ ಸೆಮಿಸ್ಟರ್ ಶುರು ಆದ ಮ್ಯಾಲೂ ಕ್ಲಾಸ್ ಖಾಲಿ. ನಿನ್ನ ಪ್ರಾಜೆಕ್ಟ್ ಹಿಡಿದ ಮಾಸ್ತರು ನಡುವ ಬಿಟ್ಟು ಹೋಗಬಹುದು. ಇದನ್ನ ಸೀನಿಯರ್ಸ್ ಹತ್ರ ಕೇಳು, ಆಫೀಸಿನಾಗ ಕೇಳಿದ್ರ ಮಂಜೂರಾದ ಹುದ್ದೆ ಲೆಕ್ಕ ಹೇಳ್ತಾರ, ತುಂಬಿದ್ದು ಹೇಳಂಗಿಲ್ಲ.

ಬಾಯಿಮಾತಿನಾಗ ಸಿಗದಿದ್ದಕ್ಕ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಹಚ್ಚಿ ಮಾಹಿತಿ ಹಕ್ಕಿನಾಗ ಅರ್ಜಿ ಹಾಕು. ನಮ್ಮ ರಾಜ್ಯದಾಗ ಒಂದು ಅರ್ಜಿಗೆ ಒಂದೇ ವಿಷಯ, 150 ಶಬ್ದದ ಒಳಗ ಬರೀಬೇಕು, ಮೂವತ್ತು ದಿನದಾಗ ಉತ್ತರ ಬರಬೇಕು. ಖಾಸಗಿ ವಿವಿಯಾಗ ಹಿಂಗ ಕೇಳಿ ನೋಡು, ಚಾ ಕುಡಿಸಿ ಕಳಸ್ತಾರ.

ಕೊಪ್ಪಳ_ಪ್ಯಾಸೆಂಜರ್
ಮಾಹಿತಿ ಹಕ್ಕು ಹಾಕಿದ್ರ ಮುಂದ ಅಲ್ಲೇ ಸೇರಿದಾಗ "ನೀನೇ ಏನವಾ ಆಕಿ" ಅಂತಾರ್ರಿ ಮಾಸ್ತರ 😂

ಬಿಸಿಲೂರ_ಮಾಸ್ತರ
ಅಪ್ಪನ ಹೆಸರಲೆ ಹಾಕಪಾ.

ಸೆಕೆಂಡ್_ಇಯರ್_ಅಕ್ಕ
ತಂಗಿ, ಕ್ಯಾಂಪಸ್ ನೋಡೋದು ಒಂದು ಕಡೆ ಇರ್ಲಿ, ಅಷ್ಟರಲ್ಲಿ ಕಾಗದ ರೆಡಿ ಮಾಡ್ಕೊ, ಯಾಕಂದ್ರೆ ಅರ್ಜಿ ಕರೆದ್ಮೇಲೆ ನಾಡಕಚೇರಿ ಮುಂದೆ ನಿಂತ್ರೆ ಆಗಲ್ಲ. ಜಾತಿ-ಆದಾಯದ ಆರ್‌ಡಿ ನಂಬರ್ ನೋಡ್ಕೊ, ಆದಾಯದ್ದು ಐದು ವರ್ಷ ನಡೆಯುತ್ತೆ. ಅದ್ರಲ್ಲಿರೋ ನಿನ್ನ ಹೆಸರು ಎಸ್ಸೆಲ್ಸಿ ಕಾರ್ಡಲ್ಲಿರೋ ಹೆಸರು ಆಧಾರ್ ಹೆಸರು ಮೂರೂ ಒಂದೇ ಇರ್ಬೇಕು, ಇನಿಷಿಯಲ್ ಹಿಂದೆ ಮುಂದೆ ಆದ್ರೂ ಪೋರ್ಟಲ್ ಒಪ್ಪಲ್ಲ. 371 ಜೆ (ಕಲ್ಯಾಣ ಕರ್ನಾಟಕದವ್ರಿಗೆ ಇರೋ ಮೀಸಲಾತಿ) ಸರ್ಟಿಫಿಕೇಟ್ ಬೇಕೇ ಬೇಕು, ಎಸಿ (ಉಪವಿಭಾಗಾಧಿಕಾರಿ) ಆಫೀಸಿಂದು. ನಮ್ಮ ಏಳು ಜಿಲ್ಲೆಯ ಸಂಸ್ಥೆಗಳಲ್ಲಿ 70 ಪರ್ಸೆಂಟ್ ಸೀಟು ನಮಗೇ, ಹೊರಗಡೆ, ಅಂದ್ರೆ ಧಾರವಾಡ ಮೈಸೂರು ಕಡೆ 8 ಪರ್ಸೆಂಟ್. ಅಪ್ಪ ಬಳ್ಳಾರಿ ದಾಟಿ ಕಳ್ಸಲ್ಲ ಅಂದ್ರೂ ಸರ್ಟಿಫಿಕೇಟ್ ಮಾಡಿಸಿ ಇಟ್ಕೊ, ಮುಂದೆ ಕೆಲಸಕ್ಕೂ ಬೇಕು.

ಸ್ಕಾಲರ್‌ಶಿಪ್ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ. ನಂದು ಏನಾಯ್ತು ಹೇಳ್ತೀನಿ ಕೇಳು. ಮೊದಲ್ನೇ ವರ್ಷ ಎಲ್ರಿಗೂ ದುಡ್ಡು ಬಂತು ನಂಗೆ ಬರ್ಲಿಲ್ಲ, ಪೋರ್ಟಲ್ ನೋಡಿದ್ರೆ ಪಾವತಿ ಆಗಿದೆ ಅಂತ ತೋರಿಸ್ತೈತೆ. ಕಾಲೇಜು, ಬ್ಯಾಂಕು, ತಾಲೂಕು ಆಫೀಸು ಅಂತ ಮೂರು ತಿಂಗಳು ತಿರುಗಿದೆ. ಆಮೇಲೆ ಗೊತ್ತಾಗಿದ್ದು, ನಾನು ಎಂಟನೇ ಕ್ಲಾಸಲ್ಲಿದ್ದಾಗ ಸ್ಕೂಲಿಂದ ಒಂದು ಬ್ಯಾಂಕಲ್ಲಿ ಅಕೌಂಟ್ ಮಾಡ್ಸಿದ್ರಂತೆ, ಆಧಾರ್ ಲಿಂಕ್ ಆಗಿದ್ದು ಅದಕ್ಕೆ, ಪಾಸ್‌ಬುಕ್ಕು ನಮ್ಮವ್ವ ಅಕ್ಕಿ ಡಬ್ಬದಲ್ಲಿ ಇಟ್ಟಿದ್ಳು. ದುಡ್ಡು ಅಲ್ಲಿ ಹಂಗೇ ಬಿದ್ದಿತ್ತು. ಅದಕ್ಕೆ ಬ್ಯಾಂಕಿಗೆ ಹೋಗಿ ನನ್ನ ಆಧಾರ್ ಎನ್‌ಪಿಸಿಐಲಿ ಯಾವ ಅಕೌಂಟಿಗೆ ಸೀಡ್ (ಲಿಂಕ್) ಆಗೈತೆ ಅಂತ ಇವತ್ತೇ ಕೇಳು. ಅಪ್ಪನ ಹೆಸರಲ್ಲಿ ಹೊಲ ಇದ್ರೆ ರೈತ ವಿದ್ಯಾನಿಧಿನೂ ಇತ್ತು, ಪಿಜಿಗೆ ಹುಡುಗೀರಿಗೆ 11 ಸಾವಿರ, ಹುಡುಗ್ರಿಗೆ 10, ಅದಕ್ಕೆ ಅಪ್ಪಂದು ಫ್ರೂಟ್ಸ್ ಐಡಿ (ರೈತರ ನೋಂದಣಿ ನಂಬರ್) ಬೇಕಿತ್ತು, ಈಗ್ಲೂ ಕೊಡ್ತಾರಾ ಕೇಳ್ಕೊ.

ಎರಡು_ಮಾರ್ಕ್ಸ್‌ಕಾರ್ಡ್
ಕಡಗಂಚಿ ಸೆಂಟ್ರಲ್ ಯೂನಿವರ್ಸಿಟಿ ಮರೀಬೇಡಿ, 2009ರದು, ಕಲಬುರಗಿ ಜಿಲ್ಲೆ. ಅದೂ ಸರ್ಕಾರದ್ದೇ, ಕೇಂದ್ರದ್ದು. ಆದ್ರೆ ಅದಕ್ಕೆ ಸಿಯುಇಟಿ ಪಿಜಿ (ಸೆಂಟ್ರಲ್ ಯೂನಿವರ್ಸಿಟಿಗಳ ಪ್ರವೇಶ ಪರೀಕ್ಷೆ) ಬರೀಬೇಕು. ಅದರ ಅರ್ಜಿ ಚಳಿಗಾಲದಲ್ಲೇ ಕರೀತಾರೆ, ಪರೀಕ್ಷೆ ಮಾರ್ಚ್ ಹೊತ್ತಿಗೆ. ನಮ್ಮ ಹುಡುಗ್ರು ಡಿಗ್ರಿ ರಿಸಲ್ಟ್ ಬಂದ್ಮೇಲೆ ನೋಡೋಣ ಅಂತ ಕೂತಿರ್ತಾರೆ, ಆಗ ಸ್ಟೇಟ್ ಯೂನಿವರ್ಸಿಟಿಗಳದ್ದು ಮಾತ್ರ ಉಳಿದಿರುತ್ತೆ, ಅವು ರಾಜ್ಯದ ವಿವಿಗಳ ಪೋರ್ಟಲ್ ಯುಯುಸಿಎಂಎಸ್‌ನಲ್ಲಿ ಮಳೆಗಾಲಕ್ಕೆ ಬರ್ತಾವೆ.

ಭತ್ತದ_ಗದ್ದೆ
ಅಯ್ಯೋ ಸಿಯುಇಟಿ ನಂಗೆ ಗೊತ್ತೇ ಇರ್ಲಿಲ್ಲ ಅಣ್ಣ. ಈಗ ನೋಡಿದೆ, ಡೇಟ್ ಮುಗಿದೈತೆ. ಇರ್ಲಿ. ಮುಂದಿನ ವಾರ ಅಪ್ಪನ ಕರ್ಕೊಂಡು ಹೋಗಿ ಬರ್ತೀನಿ.

ಭತ್ತದ_ಗದ್ದೆ (ಎಂಟು ದಿನ ಆದ್ಮೇಲೆ)
ಹೋಗಿ ಬಂದೆ. ಎರಡು ಕಡೆ ಹೋಗಿದ್ವಿ, ಬುಧವಾರ ಒಂದು, ಗುರುವಾರ ಒಂದು. ಹೆಸರು ಬರೆಯಲ್ಲ, ನಾಳೆ ಅದ್ರಲ್ಲೇ ಒಂದ್ರಲ್ಲಿ ನಾನು ಓದ್ಬೇಕಲ್ಲ 😀 ಉದ್ದ ಬರೀತೀನಿ, ಬೈಬೇಡ್ರಿ.

ಮೊದಲ್ನೇದು ಹೊರಗಿಂದ ನೋಡೋಕೆ ತುಂಬಾ ಚೆನ್ನಾಗಿತ್ತು. ದೊಡ್ಡ ಕಮಾನು, ರೋಡಿನ ಎರಡೂ ಕಡೆ ಗಿಡ, ನಮ್ಮಪ್ಪ ಗೇಟಲ್ಲೇ "ಇದೇ ಆಗ್ಲಿ ಬಿಡು" ಅಂದ್ರು. ಡಿಪಾರ್ಟ್‌ಮೆಂಟ್‌ಗೆ ಹೋದ್ರೆ ಹನ್ನೊಂದೂ ಕಾಲಿಗೆ ಮುಖ್ಯಸ್ಥರು ಇರ್ಲಿಲ್ಲ, ಮೀಟಿಂಗ್ ಅಂದ್ರು. ಒಬ್ಬ ಸರ್ ಒಳ್ಳೆಯವ್ರು, ಬಾಮ್ಮ ನೋಡು ಅಂತ ಲ್ಯಾಬ್ ಬೀಗ ತೆಗೆಸಿದ್ರು. ಬೀಗ ತೆಗೆಸ್ಬೇಕಾಯ್ತು ಅಂದಾಗ್ಲೇ ನಂಗೆ ಅಟೆಂಡರ್ ತಾತ ನೆನಪಾದ್ರು. ಒಳಗೆ ಒಂದು ಸ್ಪೆಕ್ಟ್ರೋಫೋಟೋಮೀಟರ್ ಇತ್ತು, ಹೊಸದು, ನೀಲಿ ಬಟ್ಟೆ ಕವರ್ ಹಾಕಿದ್ರು. ಸರ್ ಕವರ್ ತೆಗೆದು ತೋರಿಸಿದ್ರು. ಆನ್ ಸ್ವಿಚ್ ಮೇಲೆ ಆಯುಧ ಪೂಜೆಗೆ ಹಚ್ಚಿದ ಅರಿಶಿನ ಕುಂಕುಮ ಹಂಗೇ ಇತ್ತು, ಒಂಚೂರೂ ಅಳಿಸಿರ್ಲಿಲ್ಲ. ಲಾಗ್‌ಬುಕ್ ಕೇಳೋಕೆ ಬಾಯೇ ಬರ್ಲಿಲ್ಲ ನಂಗೆ. ನಮ್ಮಪ್ಪಗೆ ಅದೇನು ಮಷಿನ್ ಅಂತ ಗೊತ್ತಿಲ್ಲ, ಆದ್ರೆ ಕುಂಕುಮ ನೋಡಿದ್ರು, ಹೊರಗೆ ಬಂದ್ಮೇಲೆ "ಟ್ರ್ಯಾಕ್ಟರಿಗೆ ಹಚ್ಚಿದ್ದು ಮೂರು ದಿನ ನಿಲ್ಲಲ್ಲ" ಅಂದ್ರು ಅಷ್ಟೇ.

ಎರಡನೇದು ಹಳೇ ಬಿಲ್ಡಿಂಗ್. ಕಾರಿಡಾರಲ್ಲಿ ಬೀರು ಇಟ್ಟು ದಾರಿ ಅರ್ಧ ಆಗೈತೆ, ಗೋಡೆ ಉಪ್ಪು ಹಿಡಿದೈತೆ, ಬಾತ್ರೂಮ್ ಬಗ್ಗೆ ಕೇಳ್ಬೇಡ್ರಿ. ಆದ್ರೆ ಲ್ಯಾಬ್ ಬಾಗಿಲು ತೆರೆದಿತ್ತು, ವಾಸನೆ ಮೆಟ್ಟಿಲಿಗೇ ಬಂತು. ಒಳಗೆ ಹತ್ತು ಹನ್ನೆರಡು ಹುಡುಗೀರು ಟೈಟ್ರೇಷನ್ ಮಾಡ್ತಿದ್ರು, ಇಬ್ಬರಿಗೆ ಒಂದು ಬ್ಯುರೆಟ್. ಇದು ನಮ್ಮ ಡಿಗ್ರಿ ಕಾಲೇಜಿಗಿಂತ ವಾಸಿ, ಅಲ್ಲಿ ಆರು ಜನಕ್ಕೆ ಒಂದು. ಮೇಡಂ ಒಬ್ರು ಏನಮ್ಮ ಅಂದ್ರು, ಮಾಸ್ತರು ಹೇಳಿಕೊಟ್ಟ ಹಂಗೇ ಹೇಳ್ದೆ. ಅವ್ರು "ನೋಡು, ಆದ್ರೆ ಗ್ಲಾಸ್‌ವೇರ್ ಹತ್ರ ದುಪಟ್ಟಾ ಹುಷಾರು" ಅಂದು ತಮ್ಮ ಕೆಲಸ ನೋಡ್ಕೊಂಡ್ರು. ಅಲ್ಲಿ ಮಷಿನ್ ಹಳೇದು, ಒಂದು ಕಾಲಿಗೆ ರಟ್ಟು ಮಡಚಿ ಇಟ್ಟಿದ್ರು. ಪಕ್ಕ ಲಾಗ್‌ಬುಕ್, ಅದಕ್ಕೆ ದಾರ ಕಟ್ಟಿ ಪೆನ್ನು. ಕಡೇ ಎಂಟ್ರಿ ಅವತ್ತಿಂದೇ, ಬೆಳಿಗ್ಗೆ 10.20. ಅದ್ರ ಮೇಲಿನ ಎಂಟ್ರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಎಂಎಸ್ಸಿಯವ್ರದು. ಒಂದು ಕಡೆ "ಲ್ಯಾಂಪ್ ಹೋಗಿದೆ" ಅಂತ ಬರೆದು ಮೂರು ವಾರ ಖಾಲಿ, ಆಮೇಲೆ "ಲ್ಯಾಂಪ್ ಹಾಕಿಸಿದೆ" ಅಂತ ಮತ್ತೆ ಶುರು.

ಸೀನಿಯರ್ಸ್ ಕ್ಯಾಂಟೀನ್ ಹತ್ರ ಸಿಕ್ರು, ಒಗ್ಗರಣೆ ಮಂಡಕ್ಕಿ ಮಿರ್ಚಿ ಕೊಡ್ಸಿದ್ರು. ಖಾಯಂ ಇರೋರು ಇಬ್ರೇ ಅಂತೆ, ಉಳಿದವ್ರು ಅತಿಥಿಗಳು. ಹೋದ ಸಲ ರಿಸಲ್ಟ್ ನಾಲ್ಕು ತಿಂಗಳು ತಡ. ಹಾಸ್ಟೆಲ್‌ನಲ್ಲಿ ಬೇಸಿಗೆಗೆ ನೀರು ದಿನ ಬಿಟ್ಟು ದಿನ. ಇದೆಲ್ಲಾ ಅವ್ರೇ ನಗ್ತಾ ನಗ್ತಾ ಹೇಳಿದ್ರು, ಆದ್ರೆ "ಕಳೆದ ಬ್ಯಾಚಲ್ಲಿ ಮೂರು ಜನ ಕೆಸೆಟ್ ಪಾಸ್" (ಅಸಿಸ್ಟೆಂಟ್ ಪ್ರೊಫೆಸರ್ ಆಗೋಕೆ ಬೇಕಾದ ಅರ್ಹತಾ ಪರೀಕ್ಷೆ) ಅಂದಾಗ ಅವ್ರ ಮುಖ ಬೇರೆ ತರ ಇತ್ತು.

ಲ್ಯಾಬ್_ಅಟೆಂಡರ್_ನಿವೃತ್ತ
ರಟ್ಟು ಮಡಚಿ ಇಟ್ಟಿದ್ರು ಅಂದ್ಯಲ್ಲ ಅದು ಅಟೆಂಡರ್ ಕೆಲಸ. ಅವನು ಒಳ್ಳೆಯವನು ಇದಾನೆ.

ಕ್ಯಾಂಟೀನ್_ಚಾ
ನಾನು ಹೇಳಿದ್ದು ವಾಪಸ್ ತಗೋತೀನಿ. ಆದ್ರೂ ನಾಲ್ಕು ತಿಂಗಳು ತಡ, ಇಬ್ರೇ ಖಾಯಂ, ನೀರಿಲ್ಲ... ಲಾಗ್‌ಬುಕ್ ಒಂದು ನೋಡಿ ಸೇರ್ತೀಯಾ?

ಭತ್ತದ_ಗದ್ದೆ
ಗೊತ್ತಿಲ್ಲ ಅಣ್ಣ. ಅದಕ್ಕೇ ಎರಡೂ ಕಡೆ ಅರ್ಜಿ ಹಾಕ್ತೀನಿ ಅಂತ ಐತೆ. ಮನಸ್ಸು ಮಾತ್ರ ಎರಡನೇ ಕಡೆ.

ಬಿಸಿಲೂರ_ಮಾಸ್ತರ
ಎರಡೂ ಕಡೆ ಹಾಕು. ಒಂದ್ರಾಗ ಫೀಸ್ ಕಟ್ಟಿದ ಮ್ಯಾಲೆ ಇನ್ನೊಂದ್ರಾಗ ಸಿಕ್ಕರ ಹೆದರಬ್ಯಾಡ. ಯುಜಿಸಿ 2018ರಾಗ ಮಾಡಿದ ನಿಯಮದ ಪ್ರಕಾರ ಅಡ್ಮಿಷನ್‌ದು ಲಾಸ್ಟ್ ಡೇಟಿಗೆ 15 ದಿನ ಮೊದಲ ಬಿಟ್ರ ಸ್ವಲ್ಪ ಪ್ರೊಸೆಸಿಂಗ್ ಚಾರ್ಜ್ ಬಿಟ್ಟು ಫೀಸ್ ವಾಪಸ್ ಕೊಡಬೇಕು, ಆಮ್ಯಾಗ ಕಡಿಮಿ ಕಡಿಮಿ ಆಗ್ತಾ ಹೋಗ್ತದ, ಲಾಸ್ಟ್ ಡೇಟ್ ಆಗಿ 30 ದಿನ ದಾಟಿದ್ರ ಏನೂ ಬರಲ್ಲ. ಮತ್ತ ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಯಾರೂ ಇಟ್ಕೊಳ್ಳಾಂಗಿಲ್ಲ, ನೋಡಿ ವಾಪಸ್ ಕೊಡಬೇಕು. "ಇಲ್ಲೇ ಇರ್ಲಿ" ಅಂದ್ರ ಆ ನಿಯಮದ ಪ್ರಿಂಟ್ ತೋರಸು, ದನಿ ಏರಸಬ್ಯಾಡ, ನಗ್ತಾ ತೋರಸು.

ಪಿಯು ಲೆಕ್ಚರರ್ ಆಗಬೇಕಂತ ಇದ್ರ ಎಂಎಸ್ಸಿಯಾಗ 55 ಪರ್ಸೆಂಟ್ ಬೇಕು, ಬಿಎಡ್ಡೂ ಬೇಕು. ಅದಕ್ಕ ರಿಸಲ್ಟ್ ತಡ ಅನ್ನೋದನ್ನ ಹಗುರ ತಗೋಬ್ಯಾಡ. ಅಲ್ಲಿ ಸೇರಿದ್ರ ಒಂದು ವರ್ಷ ಗ್ಯಾಪ್ ಆಗಬಹುದು ಅಂತ ಈಗಲೇ ಮನಿಯಾಗ ಹೇಳಿ ಇಡು.

ಹಿತೈಷಿ_ತಂದೆ
ತಾಯಿ, ಆ ಎರಡನೇ ಯೂನಿವರ್ಸಿಟಿ ಯಾವುದು ಅಂತ ನನಗೆ ಮಾತ್ರ ಮೆಸೇಜ್ ಮಾಡ್ತೀಯಾ? ನನ್ನ ಮಗಳನ್ನೂ ಒಂದು ಬುಧವಾರ ಕರ್ಕೊಂಡು ಹೋಗಿ ಬರ್ತೀನಿ.

ಭತ್ತದ_ಗದ್ದೆ
ಮಾಡಿದೀನಿ ಅಂಕಲ್, ನೋಡ್ರಿ. ಬುಧವಾರ ಮಧ್ಯಾಹ್ನ ಎರಡರ ಮೇಲೆ ಅಲ್ಲಿ ಪ್ರಾಕ್ಟಿಕಲ್ ಇರಲ್ಲ, ಬೆಳಿಗ್ಗೆನೇ ಹೋಗ್ರಿ.

ಸೆಕೆಂಡ್ ಇಯರ್ ಅಕ್ಕ, ಬ್ಯಾಂಕಿಗೆ ಹೋಗಿದ್ದೆ ಇವತ್ತು. ನಂದೂ ಎಂಟನೇ ಕ್ಲಾಸಿನ ಅಕೌಂಟಿಗೇ ಸೀಡ್ ಆಗೈತೆ 😭 ಪಾಸ್‌ಬುಕ್ ಎಲ್ಲೈತೆ ಅಂತ ಅವ್ವನ ಕೇಳಿದ್ರೆ ಅಟ್ಟದ ಮೇಲಿನ ಟ್ರಂಕ್ ತೋರಿಸ್ತಿದಾಳೆ.